ಮುಕ್ಕಾಲು ಕೆ.ಜಿ. ಬೀನ್ಸ್, ಇಪ್ಪತ್ತೈದು ಮನೆಯ ಕುದುರೆ: ಮಿದುಳಿಗೆ ಕೆಲಸ ಕೊಡುವ ಬಗೆ

ಮಂಡ್ಯದ ಮಾರ್ಕೆಟ್ಟಿನಲ್ಲಿ ಒಂದು ಸಂಜೆ ಮುಕ್ಕಾಲು ಕೆ.ಜಿ. ಬೀನ್ಸ್ ತೂಗಿಸಿದೆ. ಕೆ.ಜಿ.ಗೆ 56 ರೂಪಾಯಿ. ಜೇಬಿನಿಂದ ಫೋನ್ ತೆಗೆದು ಕ್ಯಾಲ್ಕುಲೇಟರ್ ಎಲ್ಲಿದೆ ಅಂತ ತಡಕುತ್ತಿದ್ದೆ. ಮಾರುತ್ತಿದ್ದ ಅಜ್ಜಿ, "ಪೋನ್ ಮಡಿಕ್ಕಳಿ ಸ್ವಾಮಿ, ನಲ್ವತ್ತೆರಡಾಯ್ತದೆ" ಅಂದವರೇ ನನ್ನ ನೂರರ ನೋಟಿಗೆ 58 ರೂಪಾಯಿ ಚಿಲ್ಲರೆ ಎಣಿಸಿ ಕೈಗಿಟ್ಟರು. ಹೆಂಗಜ್ಜಿ ಅಂತ ಕೇಳಿದೆ. "ಅರ್ಧ ಇಪ್ಪತ್ತೆಂಟು, ಅದ್ರರ್ಧ ಹದ್ನಾಕು, ಕೂಡ್ಕಳಿ. ಅದ್ರಲ್ಲೇನದೆ?"

ನಾನು ಮೈಸೂರಿನಿಂದ ಮಂಡ್ಯಕ್ಕೆ ದಿನಾ ರೈಲಿನಲ್ಲಿ ಓಡಾಡುವವನು, ಹೋಗಿಬರಲು ತೊಂಬತ್ತು ಕಿಲೋಮೀಟರ್. ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಇಪ್ಪತ್ತೆರಡು ವರ್ಷದಿಂದ ಲೆಕ್ಕವೇ ಅನ್ನ ಹಾಕಿದೆ ಅಂತ ಹೇಳಿಕೊಳ್ಳುತ್ತೇನೆ, ಆದರೆ ನಿಜ ಹೇಳಬೇಕೆಂದರೆ ಲೆಕ್ಕ ಮಾಡುವುದು ಎಕ್ಸೆಲ್, ನಾನು ಅದಕ್ಕೆ ಅಂಕಿ ಉಣ್ಣಿಸುವವನು. ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಮಂಕು. ಹೊಸದಾಗಿ ಏನಾದರೂ ಯೋಚಿಸಿ ಅಂತ ಸಾಹೇಬರು ಅಂದರೆ ಕಳೆದ ವರ್ಷದ ಫೈಲನ್ನೇ ದಿನಾಂಕ ಬದಲಾಯಿಸಿ ಕೊಡುತ್ತಿದ್ದೆ. ಬೀನ್ಸ್ ಪ್ರಕರಣ ಆದಮೇಲೆ ಒಂದು ವರ್ಷ ಒಂದೊಂದೇ ಉಪಾಯ ಹಿಡಿದು ನೋಡಿದೆ. ಅದರಲ್ಲಿ ಕೈ ಹಿಡಿದವನ್ನು ನೀವೂ ಮಾಡಿ ನೋಡುವ ಹಾಗೆ ಇಲ್ಲಿ ಬರೆದಿದ್ದೇನೆ.

ಶುರುವಿಗೇ ಒಂದು ಎಚ್ಚರಿಕೆ. ಮಿದುಳು ಚುರುಕು ಮಾಡುತ್ತೇವೆ ಎನ್ನುವ ಆ್ಯಪ್‌ಗಳಿಗೆ ದುಡ್ಡು ಕಟ್ಟಬೇಡಿ. ನಾನು ಒಂದಕ್ಕೆ ವರ್ಷದ ಚಂದಾ ಕಟ್ಟಿ ಎರಡನೇ ತಿಂಗಳಿಗೆ ಬಿಟ್ಟೆ. ಬಣ್ಣದ ಚೌಕ ಒತ್ತುವುದರಲ್ಲಿ ನಿಸ್ಸೀಮನಾದೆ, ಬೀನ್ಸಿನ ಲೆಕ್ಕ ಮಾತ್ರ ಹಾಗೇ ಉಳಿಯಿತು. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಒಂದು ದೊಡ್ಡ ಕಂಪನಿಯ ಜಾಹೀರಾತಿಗೆ ಆಧಾರವಿಲ್ಲ ಎಂದು ಆಕ್ಷೇಪಿಸಿತು, ಕಂಪನಿ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಸುಡೋಕು ಆಡಿದರೆ ಸುಡೋಕು ಬರುತ್ತದೆ. ಅದು ನಿಮ್ಮ ಮೇಜಿನ ಕೆಲಸಕ್ಕೂ ಬರಬೇಕಾದರೆ ಕಸರತ್ತಿಗೂ ಮೇಜಿಗೂ ನಡುವೆ ನೀವೇ ಒಂದು ಹಗ್ಗ ಕಟ್ಟಬೇಕು. ಕೆಳಗಿನ ಹೆಜ್ಜೆಗಳಲ್ಲೆಲ್ಲ ಆ ಹಗ್ಗ ಎಲ್ಲಿದೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ತಲೆ ಮೊದಲು, ಫೋನ್ ಆಮೇಲೆ

ಏನೇ ಲೆಕ್ಕ, ಹೆಸರು, ನಂಬರ್, ದಾರಿ ಬೇಕಾದರೂ ಎರಡು ನಿಮಿಷ ತಲೆಯಲ್ಲೇ ಹುಡುಕಿ. ಸಿಗದಿದ್ದರೆ ಆಮೇಲೆ ಫೋನ್ ತೆಗೆಯಿರಿ. ತಪ್ಪು ಉತ್ತರ ಬಂದರೂ ನಷ್ಟವಿಲ್ಲ. ತಡಕಾಡುವುದೇ ಇಲ್ಲಿ ಕಸರತ್ತು.

ಇದಕ್ಕೆ ಗಟ್ಟಿ ಆಧಾರವಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನದೊಳಗೇ ಸೋರಿಹೋಗುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ ಎಂಬುದು ಅವನು ಕಂಡುಕೊಂಡದ್ದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದಷ್ಟು ವಿದ್ಯಾರ್ಥಿಗಳಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು, ಇನ್ನೊಂದಷ್ಟು ಜನರಿಗೆ ಓದಿದ್ದನ್ನು ನೋಡದೆ ಬರೆಯಿಸಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ ನೋಡದೆ ಬರೆದವರು ಮುಂದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದ ನಮಗೆಲ್ಲ ಆ ಐದು ನಿಮಿಷದ ಸುಖ ಚೆನ್ನಾಗಿ ಗೊತ್ತು.

ಕಚೇರಿಯಲ್ಲಿ ಇದನ್ನು ಹೀಗೆ ಮಾಡಿ. ಮೀಟಿಂಗ್ ಮುಗಿದ ಕೂಡಲೇ ನೋಟ್‌ಬುಕ್ ಮುಚ್ಚಿ. ಖಾಲಿ ಹಾಳೆಯಲ್ಲಿ ಐದು ಮುಖ್ಯ ವಿಷಯ ನೆನಪಿನಿಂದ ಬರೆಯಿರಿ. ಆಮೇಲೆ ನೋಟ್‌ಬುಕ್ ತೆರೆದು ಬಿಟ್ಟುಹೋದದ್ದಕ್ಕೆ ಕೆಂಪು ಗೆರೆ ಹಾಕಿ. ಅದೇ ಹಾಳೆಯನ್ನು ಮೂರನೇ ದಿನ ಒಂದು ಸಲ, ಮುಂದಿನ ವಾರ ಇನ್ನೊಂದು ಸಲ ನೋಡದೆ ಬರೆಯಿರಿ. ನನಗಂತೂ "ಅವತ್ತು ಏನು ತೀರ್ಮಾನ ಆಯ್ತು ರೀ" ಅಂತ ಪಕ್ಕದ ಮೇಜಿಗೆ ಹೋಗಿ ಕೇಳುವುದು ತಪ್ಪಿತು.

ಹಾಗೇ ಹಳೇ ಶಾಲೆಯ ಕಾಲು, ಅರೆ, ಮುಕ್ಕಾಲು ಮಗ್ಗಿಯನ್ನು ಮತ್ತೆ ಹಿಡಿಯಿರಿ. ಮಗ್ಗಿ ಪುಸ್ತಕ ಬೇಕಿಲ್ಲ, ಅಜ್ಜಿಯ ಸೂತ್ರ ಸಾಕು. ಅರ್ಧ ಮಾಡು, ಅದರ ಅರ್ಧ ಮಾಡು, ಕೂಡು. ಬಸ್ಸಿನಲ್ಲಿ ಕೂತಿದ್ದೀರಿ, ಮುಂದೆ ಕೆಎ-11 ಗಾಡಿ, ನಂಬರ್ 4836. ಮುಕ್ಕಾಲು ಎಷ್ಟು? 2418, 1209, ಕೂಡಿದರೆ 3627. ಮೊದಲ ದಿನ ಸಿಗ್ನಲ್ ಹಸಿರಾಗಿ ಗಾಡಿ ಮರೆಯಾದರೂ ಉತ್ತರ ಬಂದಿರುವುದಿಲ್ಲ. ಪರವಾಗಿಲ್ಲ.

ಎರಡನೇ ಹೆಜ್ಜೆ: ಹದ ನೋಡಿಕೊಳ್ಳಿ

ಮಂಡ್ಯ ಕಡೆಯ ಆಲೆಮನೆಯಲ್ಲಿ ಬೆಲ್ಲ ಮಾಡುವುದನ್ನು ನೋಡಿದ್ದೀರಾ? ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ (ಕಬ್ಬಿನ ಹಾಲು, ಬೆಂಗಳೂರಿನವರಿಗೆ ಹೇಳಿದ್ದು). ಪಾಕದ ಹದ ನೋಡುವವನು ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡುತ್ತಾನೆ. ಎಳೆಯ ಪಾಕವಾದರೆ ಅಚ್ಚು ನಿಲ್ಲುವುದಿಲ್ಲ. ಜಾಸ್ತಿ ಕಾದರೆ ಸೀದುಹೋಗುತ್ತದೆ. ತಲೆಗೆ ಕೊಡುವ ಸವಾಲಿನ ಹದವೂ ಹೀಗೇ. ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ 1994ರಲ್ಲಿ ಇದಕ್ಕೊಂದು ಹೆಸರಿಟ್ಟ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೇಕಾದ ಕಷ್ಟ.

ನನ್ನ ಅಳತೆ ಇದು: ಹತ್ತು ಸಲ ಮಾಡಿದರೆ ಏಳು ಸಲ ಸರಿಯಾಗಬೇಕು. ಹತ್ತಕ್ಕೆ ಹತ್ತು ಬರುತ್ತಿದ್ದರೆ ಸವಾಲು ಸತ್ತಿದೆ, ಮುಂದಿನದಕ್ಕೆ ಹೋಗಿ. ಮೂರೇ ಬರುತ್ತಿದ್ದರೆ ಒಂದು ಮೆಟ್ಟಿಲು ಇಳಿಯಿರಿ, ನಾಚಿಕೆ ಬೇಡ. ಎಡಗೈಯಲ್ಲಿ ಹಲ್ಲುಜ್ಜಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಹದಿನೈದು ದಿನ ಉಜ್ಜಿದೆ. ಒಸಡು ಕಿತ್ತುಕೊಂಡಿದ್ದು ಬಿಟ್ಟರೆ ಬೇರೇನೂ ವರದಿಯಿಲ್ಲ.

ಮೂರನೇ ಹೆಜ್ಜೆ: ಚೌಕಾಬಾರದ ಹಾಸಿನ ಮೇಲೆ ಕುದುರೆ

ಇದು ನನಗೆ ತುಂಬಾ ಇಷ್ಟವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟದ ಮಣೆಗಳ ವಿಷಯದಲ್ಲಿ ದೊಡ್ಡ ತಲೆ. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರು. ನಮ್ಮ ಅಲಂಕಾರಶಾಸ್ತ್ರದಲ್ಲಿ ಇದೇ ಕುದುರೆ ನಡಿಗೆಯಲ್ಲಿ ಅಕ್ಷರ ಜೋಡಿಸಿ ಪದ್ಯ ಕಟ್ಟುವ ತುರಗಪದ ಬಂಧವೂ ಇದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಹೆಸರಿನಲ್ಲಿ ಹಳೆಯ ಆಟಗಳ ಪ್ರದರ್ಶನ ನಡೆಸುತ್ತಾ ಬಂದಿದ್ದಾರೆ, ಹೋಗಿ ನೋಡಿ. ನೋಡಿ ಬಂದಮೇಲೆ ಮನೆಯ ಅಟ್ಟದಲ್ಲಿ ಅಳಗುಳಿಮಣೆ ಇದೆಯಾ ಅಂತ ಹುಡುಕದಿದ್ದರೆ ಕೇಳಿ.

64 ಮನೆ ನಮಗೆ ಒಮ್ಮೆಗೇ ಜಾಸ್ತಿ. ಅದಕ್ಕೇ ಚೌಕಾಬಾರದ ಹಾಸು ತೆಗೆದುಕೊಳ್ಳಿ. ಐದು ಸಾಲು, ಐದು ಕಂಬ, 25 ಮನೆ. ಸೀಮೆಸುಣ್ಣದಲ್ಲಿ ಜಗುಲಿ ಮೇಲೆ ಬರೆದರೂ ಆಯಿತು. ಕುದುರೆಯ ನಡೆ ಗೊತ್ತಲ್ಲ, ನೇರ ಎರಡು ಮನೆ, ಪಕ್ಕಕ್ಕೆ ಒಂದು. ಒಂದು ಮೂಲೆಯಲ್ಲಿ 1 ಅಂತ ಬರೆಯಿರಿ. ಕುದುರೆ ನೆಗೆದ ಮನೆಗೆ 2, ಅಲ್ಲಿಂದ 3. ಮುಟ್ಟಿದ ಮನೆಯನ್ನು ಮತ್ತೆ ಮುಟ್ಟದೆ 25 ಬರೆಯಬೇಕು. ಚೌಕಾಬಾರದಲ್ಲಿ ಕಾಯಿ ನಡುಮನೆ ಸೇರಿದರೆ ಹಣ್ಣಾಯಿತು ಅನ್ನುತ್ತೇವಲ್ಲ, ನಿಮ್ಮ ಕುದುರೆಯೂ 24ನೇ ನೆಗೆತಕ್ಕೆ, ಅಂದರೆ 25 ಬರೆಯುವಾಗ, ಸರಿಯಾಗಿ ನಡುಮನೆಯಲ್ಲೇ ಹಣ್ಣಾಗಬಹುದು. ಆ ದಾರಿ ಇದೆ, ನಾನು ಹಾಕಿ ನೋಡಿದ್ದೇನೆ.

ಮೊದಲ ಸಲ ನಾನು 19ಕ್ಕೆ ಸಿಕ್ಕಿಬಿದ್ದೆ. ರೈಲು ಪಾಂಡವಪುರ ದಾಟಿತ್ತು. ಪಕ್ಕದಲ್ಲಿ ಕೂತಿದ್ದವರೊಬ್ಬರು ಕತ್ತು ಚಾಚಿ ನೋಡಿ, "ಮೂಲೆ ಬಿಟ್ಟುಬಿಟ್ರಲ್ಲ ಸಾರ್" ಅಂದರು. ನಿಜವಾಗಿ ಗುಟ್ಟು ಅಲ್ಲೇ ಇದೆ. ಮೂಲೆಗೆ ಎರಡೇ ದಾರಿ, ಎರಡೂ ನಡುಮನೆಗೆ ಒತ್ತಿಕೊಂಡಿರುವ ಮನೆಗಳಿಂದ. ಅವನ್ನು ಬೇರೆ ಯಾವುದಕ್ಕೋ ಖರ್ಚು ಮಾಡಿಬಿಟ್ಟರೆ ಮೂಲೆ ಅನಾಥ. ಆದ್ದರಿಂದ ಮೂಲೆ, ನಡುಮನೆಯ ಪಕ್ಕದ ಮನೆ, ಮುಂದಿನ ಮೂಲೆ, ಮತ್ತೆ ನಡುಮನೆಯ ಪಕ್ಕ, ಹೀಗೆ ಸುತ್ತು ಹಾಕಿ. 1, 3, 5, 7 ನಾಲ್ಕೂ ಮೂಲೆಗೆ ಬೀಳುತ್ತವೆ. 8ರಿಂದ ಮುಂದೆ ನಿಮ್ಮ ಪಾಡು.

ಇನ್ನೊಂದು ಮಜಾ. ಹಾಸಿನ ಮನೆಗಳಿಗೆ ಚದುರಂಗದ ಹಾಗೆ ಕಪ್ಪು ಬಿಳಿ ಹಚ್ಚಿ ನೋಡಿ. ಮೂಲೆಯ ಬಣ್ಣದ್ದು 13 ಮನೆ, ಇನ್ನೊಂದು 12. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಾಯಿಸುತ್ತದೆ. ಆದ್ದರಿಂದ 12ರ ಬಣ್ಣದಲ್ಲಿ ಶುರು ಮಾಡಿದರೆ ತಲೆಕೆಳಗಾದರೂ 25 ಮುಟ್ಟುವುದಿಲ್ಲ. ನನ್ನ ಮಗಳು ಎರಡು ದಿನ ಆ ತಪ್ಪು ಮನೆಯಿಂದಲೇ ಪ್ರಯತ್ನಿಸಿ, ಆಮೇಲೆ ಕಾರಣವನ್ನೂ ತಾನೇ ಕಂಡುಹಿಡಿದಳು. ನಾನು ಹೇಳಿಬಿಡಬೇಕು ಅಂತ ನಾಲಿಗೆ ತುರಿಸುತ್ತಿತ್ತು. ಮಕ್ಕಳ ಜೊತೆ ಆಡುವವರು ಬಾಯಿ ಹಿಡಿದುಕೊಳ್ಳಿ.

ಇದರಿಂದ ಕಚೇರಿಗೆ ಏನು ಬಂತು? 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ ಈ ಆಟಕ್ಕೆ ಒಂದು ನಿಯಮ ಕೊಟ್ಟ: ಮುಂದೆ ಹೋಗಲು ದಾರಿ ಅತಿ ಕಡಿಮೆ ಇರುವ ಮನೆಗೆ ಮೊದಲು ಹೋಗು. ನಾನು ಬೆಳಿಗ್ಗೆ ಕೆಲಸದ ಪಟ್ಟಿ ಮಾಡುವಾಗ ಇದನ್ನೇ ಬಳಸುತ್ತೇನೆ. ಮೊದಲೆಲ್ಲ ಸುಲಭದ್ದು ಮೊದಲು ಮುಗಿಸಿ ಹಗುರವಾಗುತ್ತಿದ್ದೆ. ಈಗ ಪ್ರತಿ ಕೆಲಸದ ಪಕ್ಕ ಎಷ್ಟು ದಾರಿ ಇದೆ ಅಂತ ಅಂಕಿ ಬರೆಯುತ್ತೇನೆ. ಸಾಹೇಬರ ಸಹಿ ಬೇಕು, ಅವರು ಹನ್ನೊಂದಕ್ಕೆ ಜಿಲ್ಲಾ ಪಂಚಾಯ್ತಿಗೆ ಹೋಗುತ್ತಾರೆ: ಒಂದೇ ದಾರಿ. ಬ್ಯಾಂಕಿನ ಕೆಲಸ, ಬ್ಯಾಂಕ್ ಮುಚ್ಚುವುದರೊಳಗೆ: ಎರಡು. ಲೆಡ್ಜರ್ ಹೊಂದಿಸುವುದು ಯಾವಾಗ ಬೇಕಾದರೂ: ಹತ್ತು. ಒಂದು ಅಂತ ಇರುವುದು ಮೊದಲು. ಸಂಜೆ ಐದಕ್ಕೆ "ಅಯ್ಯೋ, ಸಹಿ" ಅಂತ ಓಡುವುದು ನಿಂತಿದೆ. ಇಡೀ ವರ್ಷದಲ್ಲಿ ನನಗೆ ದಕ್ಕಿದ ದೊಡ್ಡ ಲಾಭ ಇದೇ, ಜಗುಲಿಯ ಸೀಮೆಸುಣ್ಣದಿಂದ ಬಂದದ್ದು.

ನಾಲ್ಕನೇ ಹೆಜ್ಜೆ: ಕೈಕಾಲು ಕಟ್ಟಿಕೊಂಡು ಬರೆಯಿರಿ

ಹೊಸ ಯೋಚನೆ ಬರಲಿ ಅಂತ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತರೆ ನಿದ್ದೆ ಬರುತ್ತದೆ. ಅಡ್ಡಿ ಇಟ್ಟರೆ ಯೋಚನೆ ಎದ್ದು ಕೂರುತ್ತದೆ. ಇದನ್ನು ಅವಧಾನಿಗಳಿಂದ ಕಲಿಯಬೇಕು. ಅಷ್ಟಾವಧಾನದಲ್ಲಿ ಎಂಟು ಜನ ಪೃಚ್ಛಕರು (ಪ್ರಶ್ನೆ ಕೇಳುವವರು) ಎಂಟು ಕಡೆಯಿಂದ ಎಳೆಯುತ್ತಾರೆ. ನಿಷೇಧಾಕ್ಷರಿಯಲ್ಲಿ ಕವಿ ಒಂದೊಂದು ಅಕ್ಷರ ಹೇಳುತ್ತಿದ್ದ ಹಾಗೇ ಮುಂದೆ ಇಂಥ ಅಕ್ಷರ ಬರಬಾರದು ಅಂತ ತಡೆ. ದತ್ತಪದಿಯಲ್ಲಿ ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು ಬೇರೆಯೇ ವಿಷಯಕ್ಕೆ ಪದ್ಯ ಕಟ್ಟಿ ಎನ್ನುತ್ತಾರೆ. ಸಂಖ್ಯಾಬಂಧದ (ಯಾವ ಸಾಲು ಕೂಡಿದರೂ ಒಂದೇ ಮೊತ್ತ ಬರುವ ಚೌಕ) ಅಂಕಿಗಳನ್ನು ನಡುನಡುವೆ ಕೇಳುತ್ತಾರೆ. ಇದು ಸಾಲದೆಂದು ಅಪ್ರಸ್ತುತ ಪ್ರಸಂಗದವನು ಸುಮ್ಮನೆ ತಲೆಹರಟೆ ಮಾಡುತ್ತಾನೆ. ಶತಾವಧಾನಿ ಆರ್. ಗಣೇಶರ ಒಂದು ಅವಧಾನ ಪೂರ್ತಿ ಕೂತು ನೋಡಿ, ಮನುಷ್ಯನ ತಲೆಯ ಬಗ್ಗೆ ಗೌರವ ಬರುತ್ತದೆ. ತಲೆಹರಟೆ ಪೃಚ್ಛಕ ನಮ್ಮ ಕಚೇರಿಯಲ್ಲೂ ಇದ್ದಾನೆ, ಹೆಸರು ವಾಟ್ಸ್‌ಆ್ಯಪ್.

ನಾವು ಮಾಡುವುದು ಅದರ ಮರಿ. ದತ್ತಪದಿ ಹೀಗೆ: ಮನೆಯವರಿಗೆ ನಾಲ್ಕು ವಸ್ತುವಿನ ಹೆಸರು ಚೀಟಿಯಲ್ಲಿ ಬರೆದುಕೊಡಲು ಹೇಳಿ. ಕಚೇರಿಯಲ್ಲಿ ಕಾಡುತ್ತಿರುವ ಒಂದು ಸಮಸ್ಯೆಗೆ ಆ ನಾಲ್ಕೂ ಪದ ಬರುವ ಹಾಗೆ ಹತ್ತು ನಿಮಿಷದಲ್ಲಿ ನಾಲ್ಕು ಪರಿಹಾರ ಬರೆಯಿರಿ, ಹುಚ್ಚುಚ್ಚಾಗಿದ್ದರೂ ಸರಿ. ನನ್ನ ಸಮಸ್ಯೆ, ಬಿಲ್ಲುಗಳು ಮೂರು ಮೇಜು ಸುತ್ತಿ ಬರುವುದರಲ್ಲಿ ದಿನ ಕಳೆಯುತ್ತಿತ್ತು. ಹೆಂಡತಿ ಕೊಟ್ಟ ಪದಗಳು ಕವಡೆ, ಛತ್ರಿ, ಟೋಲ್‌ಗೇಟು, ಇಡ್ಲಿ ತಟ್ಟೆ. ಮೊದಲ ಮೂರರಿಂದ ಹುಟ್ಟಿದ್ದು ಬರೀ ಹಾಸ್ಯ. ಇಡ್ಲಿ ತಟ್ಟೆಗೆ ಬಂದಾಗ ಕೈ ನಿಂತಿತು. ಇಡ್ಲಿಯನ್ನು ಯಾರಾದರೂ ಒಂದೊಂದೇ ಬೇಯಿಸುತ್ತಾರಾ? ತಟ್ಟೆ ಮೇಲೆ ತಟ್ಟೆ ಇಟ್ಟು ಒಂದೇ ಹಬೆಗೆ ಇಡುತ್ತಾರೆ. ಬಂದ ಬಿಲ್ಲನ್ನು ಬಂದಂತೆ ಕಳಿಸುವುದು ಬಿಟ್ಟು ಹನ್ನೊಂದಕ್ಕೊಂದು ಹಬೆ, ಮೂರಕ್ಕೊಂದು ಹಬೆ ಅಂತ ಮೂವರೂ ಒಪ್ಪಿಕೊಂಡೆವು. ಮೇಜಿನಿಂದ ಮೇಜಿಗೆ ಓಡಾಟ ನಿಂತಿತು. ಕಚೇರಿಯಲ್ಲಿ ಈಗಲೂ "ಎರಡನೇ ಹಬೆಗೆ ಹಾಕಿ" ಅನ್ನುತ್ತಾರೆ.

ನಿಷೇಧದ ಆಟ ಊಟದ ಹೊತ್ತಿಗೆ. ಹತ್ತು ನಿಮಿಷ ಇಂಗ್ಲಿಷ್ ಪದ ಬಂದರೆ ಔಟು, ಔಟಾದವರು ಪಾತ್ರೆ ತೊಳೆಯಬೇಕು. ಅಮ್ಮ ಒಂದು ದಿನವೂ ತೊಳೆದಿಲ್ಲ. ನಾನು ತೊಳೆಯದ ದಿನ ಕಮ್ಮಿ.

ಧೈರ್ಯ ಇದ್ದವರು ಭಾಮಿನಿ ಷಟ್ಪದಿಗೆ ಕೈ ಹಾಕಿ. ಕುಮಾರವ್ಯಾಸ ಅದನ್ನು ಆಳಿದ್ದು ನೆನೆದು ಹೆದರಬೇಡಿ. ಲೆಕ್ಕ ಸರಳ: ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು-ನಾಲ್ಕು-ಮೂರು-ನಾಲ್ಕು ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು. ಎಲ್ಲ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ. ನಾನು ರೈಲು ತಪ್ಪಿದ ದಿನ ಕಟ್ಟಿದ್ದು:

ಬಸ್ಸು ಬಾರದೆ ನಿಂತೆ ಬಿಸಿಲಲಿ
ಮಿಸ್ಸು ಕಾಲನು ಕೊಟ್ಟ ಗೆಳೆಯನು
ಉಸ್ಸೆನುತ ಕುಳಿತಾಗ ಬಂದಿತು ತುಂಬಿ ತುಳುಕುತಲಿ

ಮಹಾಕಾವ್ಯವಲ್ಲ, ಒಪ್ಪುತ್ತೇನೆ. ಆದರೆ ಸ್ಸಕಾರಕ್ಕೆ ಪದ ಹುಡುಕುತ್ತಾ ಮುಕ್ಕಾಲು ಗಂಟೆ ಹೋದದ್ದು ತಿಳಿಯಲಿಲ್ಲ. ಉಳಿದ ಮೂರು ಸಾಲು ನಿಮಗೆ ಬಿಟ್ಟಿದ್ದೇನೆ.

ಐದನೇ ಹೆಜ್ಜೆ: ಸ್ಟೇಷನ್ನಿಗೊಂದು ಫೈಲು

ಪಟ್ಟಿ ನೆನಪಿಡಲು ನಿಮಗೆ ಕಣ್ಣು ಮುಚ್ಚಿದರೂ ಕಾಣುವ ಒಂದು ದಾರಿ ಸಾಕು. ಮೈಸೂರಿನವರಿಗೆ ದೊಡ್ಡ ಗಡಿಯಾರ, ಪುರಭವನ, ಕೆ.ಆರ್. ಸರ್ಕಲ್, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆಯ ಹೂವಿನ ಸಾಲು. ನನಗೆ ರೈಲು. ಪ್ರತಿ ಜಾಗದಲ್ಲಿ ಒಂದು ವಿಷಯವನ್ನು ವಿಚಿತ್ರವಾಗಿ ಕೂರಿಸಬೇಕು. ಮೈಸೂರು ಸ್ಟೇಷನ್ನಿನ ಬೆಂಚಿನ ಮೇಲೆ ಜಿಎಸ್‌ಟಿ ಫೈಲು ಮಲಗಿ ಗೊರಕೆ ಹೊಡೆಯುತ್ತಿದೆ. ನಾಗನಹಳ್ಳಿಯಲ್ಲಿ ಆಡಿಟ್ ಆಕ್ಷೇಪಣೆ ಎಮ್ಮೆಯಾಗಿ ಹಳಿಗೆ ಅಡ್ಡ ನಿಂತಿದೆ. ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಪಿಂಚಣಿ ಕಾಗದಗಳು ಹರಿಗೋಲು ಹತ್ತಿವೆ. ಪಾಂಡವಪುರದಲ್ಲಿ ಚೆಕ್‌ಬುಕ್ಕನ್ನು ಕಬ್ಬಿನ ಲಾರಿಯಿಂದ ಮಕ್ಕಳು ಎಳೆಯುತ್ತಿದ್ದಾರೆ. ಯಲಿಯೂರಿಗೆ ಬರುವಷ್ಟರಲ್ಲಿ ಸಾಹೇಬರ ಮುಂದೆ ಹೇಳಬೇಕಾದದ್ದೆಲ್ಲ ಸಾಲಾಗಿ ನಿಂತಿರುತ್ತದೆ. ಸಪ್ಪೆ ಚಿತ್ರ ನಿಲ್ಲುವುದಿಲ್ಲ, ನಗು ಬರಬೇಕು.

ದಾರಿಗೂ ನೆನಪಿಗೂ ನಂಟಿದೆ. ಎಲಿನಾರ್ ಮಗ್ವಾಯರ್ ಮತ್ತು ಜೊತೆಗಾರರು 2000ದಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕರ ಮಿದುಳಿನ ಸ್ಕ್ಯಾನ್ ಮಾಡಿದರು. ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಲೈಸೆನ್ಸ್ ಪಡೆದವರು ಅವರು. ದಾರಿಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಅಗ್ರಹಾರದ ಸಂದಿಗೊಂದಿಯಲ್ಲಿ ದಸರಾ ದಿನವೂ ದಾರಿ ಮಾಡಿಕೊಳ್ಳುವ ನಮ್ಮ ಆಟೋ ಅಣ್ಣಂದಿರನ್ನು ಯಾರಾದರೂ ಸ್ಕ್ಯಾನ್ ಮಾಡಿದರೆ ಏನೇನು ಕಾಣುತ್ತದೋ.

ಸಿಕ್ಕಿಬಿದ್ದಾಗ: ಎದ್ದು ನಡೆಯಿರಿ

ಕೂತಲ್ಲೇ ತಲೆ ಚಚ್ಚಿಕೊಳ್ಳಬೇಡಿ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ಸಂಶೋಧಕರು ಕೂತವರಿಗಿಂತ ನಡೆಯುವವರಿಗೆ ಹೊಸ ಯೋಚನೆ ಹೆಚ್ಚು ಹೊಳೆಯುತ್ತದೆ ಎಂದು ತೋರಿಸಿದರು. ಒಂದೇ ಸರಿಯುತ್ತರ ಇರುವ ಲೆಕ್ಕಕ್ಕೆ ಮಾತ್ರ ನಡಿಗೆಯಿಂದ ಅಂಥ ಲಾಭ ಕಾಣಲಿಲ್ಲ, ಅದನ್ನು ಕೂತೇ ಮಾಡಿ. ನನ್ನದು ಕುಕ್ಕರಹಳ್ಳಿ ಕೆರೆ ಏರಿ. ಆ ಕುದುರೆ ಬಂಧದ ಮುಮ್ಮಡಿಯವರ ಕಾಲದಲ್ಲೇ, 1864ರಲ್ಲಿ ಆದ ಕೆರೆ. ಕುವೆಂಪು ನಡೆದಾಡಿದ ಜಾಗ. ಫೋನ್ ಮನೆಯಲ್ಲಿಟ್ಟು ಜೇಬಿನಲ್ಲಿ ಒಂದು ಚೀಟಿ, ಗಿಡ್ಡ ಪೆನ್ಸಿಲ್ ಇಟ್ಟುಕೊಳ್ಳಿ. ನಡೆಯುತ್ತಾ ತೆಂಗಿನ ಚಿಪ್ಪಿನಿಂದ ಏನೇನು ಮಾಡಬಹುದು ಅಂತ ಇಪ್ಪತ್ತು ಉಪಯೋಗ ಎಣಿಸಿ. ಮೊದಲ ಎಂಟು ಎಲ್ಲರಿಗೂ ಬರುತ್ತವೆ, ನಿಮ್ಮದು ಅನ್ನುವಂಥದ್ದು ಹನ್ನೆರಡರ ನಂತರ.

ನಿದ್ದೆ ಕಡಿಮೆ ಮಾಡಿ ಇದನ್ನೆಲ್ಲ ಮಾಡಲು ಹೋಗಬೇಡಿ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು ಇಪ್ಪತ್ತು ಪಾಲು ತಿನ್ನುತ್ತದೆ. ಹಗಲು ಕಲಿತದ್ದು ಗಟ್ಟಿಯಾಗುವುದೂ ನಿದ್ದೆಯಲ್ಲೇ.

ಎಲ್ಲವನ್ನೂ ಒಂದೇ ವಾರ ಹೊತ್ತುಕೊಳ್ಳಬೇಡಿ. ಮೊದಲ ವಾರ ಮುಕ್ಕಾಲು ಮಗ್ಗಿ ಮತ್ತು ಮೀಟಿಂಗ್ ಹಾಳೆ. ಎರಡನೇ ವಾರ ಕುದುರೆ, ಜೊತೆಗೆ ಕೆಲಸದ ಪಟ್ಟಿಗೆ ದಾರಿಯ ಅಂಕಿ. ಮೂರನೇ ವಾರದಿಂದ ಚೀಟಿಯ ನಾಲ್ಕು ಪದ, ವಾರಕ್ಕೆರಡು ಸಲ. ಸ್ಟೇಷನ್ ಪಟ್ಟಿ ಬೇಕಾದಾಗ. ಭಾನುವಾರ ಇದ್ಯಾವುದೂ ಬೇಡ. ಜಗುಲಿಯ ಅದೇ ಹಾಸಿನ ಮೇಲಿನ ಅಂಕಿ ಅಳಿಸಿ, ಕವಡೆ ತಂದು ಚೌಕಾಬಾರ ಆಡಿ. ನಮ್ಮ ಮನೆಯಲ್ಲಿ ಬಾರಾ ಬೀಳುವುದು ಅಮ್ಮನಿಗೆ ಮಾತ್ರ.